ಸುರಪುರದ ಅರಮನೆಯೂ ಟೇಲರ್ ಮಂಜಿಲೂ: ರಾಜಾ ವೆಂಕಟಪ್ಪನಾಯಕನ ಚರಿತ್ರೆಯಲ್ಲಿ ಸಾಕ್ಷಿವಿಚಾರ

ಕರ್ಣಾಟಕದಲ್ಲಿ ಆಂಗ್ಲರ ಪ್ರಭುತ್ವಕ್ಕೆ ಎದುರಾಗಿ ನಿಂತ ವೀರರನ್ನು ಗಣಿಸತೊಡಗಿದವರು ಕಿತ್ತೂರಿನ ಚೆನ್ನಮ್ಮರಾಣಿಯನ್ನೂ ಸಂಗೊಳ್ಳಿಯ ರಾಯಣ್ಣನನ್ನೂ ಮೊದಲು ಸ್ಮರಿಸುವುದು ವಾಡಿಕೆಯಾಗಿದೆ. ೧೮೫೭-೫೮ನೆಯ ಇಸವಿಗಳ ದಂಗೆಯ ಪ್ರಸ್ತಾಪ ಬಂದಾಗ ಹಲಗಲಿಯ ಬೇಡರು, ನರಗುಂದದ ಭಾಸ್ಕರರಾಯ, ಮುಂಡರಗಿಯ ಭೀಮರಾಯ ಇವರ ಹೆಸರುಗಳೂ ಕೇಳಿಬರುವುವು. ಇವರೊಡನೆಯೇ ಎಣಿಸಲು ಯೋಗ್ಯನಾದ ಸುರಪುರದ ರಾಜಾ ವೆಂಕಟಪ್ಪನಾಯಕನ ವೃತ್ತಾಂತವಾದರೋ ಆ ಸೀಮೆಯ ಹೊರಗೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅವನು ಸತ್ತಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಅವನ ಪಾಲನೆಗೆ ನಿಯುಕ್ತನಾಗಿದ್ದ ಆಂಗ್ಲ ಅಧಿಕಾರಿಯೇ ಅವನ ಚರಿತ್ರಕಾರನೂ ಆದದ್ದು ಒಂದು ವಿಚಿತ್ರ ಸಂಯೋಗವು. ಇವರಿಬ್ಬರು ವಾಸಿಸಿದ ಎರಡು ಮನೆಗಳೂ ಸುರಪುರದಲ್ಲಿ ಇಂದಿಗೂ ಉಳಿದಿವೆ. ಆ ಮನೆಗಳನ್ನು ನೋಡಲು ಹೋಗುವವನು ಯಾವ ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು, ಅವುಗಳ ಹಿಂದಿರುವ ಲಿಖಿತ ಸಾಕ್ಷ್ಯಕ್ಕೆ ಎಷ್ಟರಮಟ್ಟಿಗೆ ಪ್ರಾಮಾಣ್ಯ ಸಲ್ಲಬೇಕು ಎಂಬೀ ಎರಡು ಅಂಶಗಳು ಇಲ್ಲಿ ವಿಚಾರಿಸಲ್ಪಡುವುವು.

೧. ಸ್ಥಳ

ಸುರಪುರವು ಕೃಷ್ಣಾ ಭೀಮಾ ನದಿಗಳ ನಡುವಣ ನೆಲದಲ್ಲಿದೆ. ಈಗ ಯಾದಗಿರಿ ಜಿಲ್ಲೆಗೆ ಸೇರಿದ ಒಂದು ತಾಲ್ಲೂಕಿನ ಮುಖ್ಯಸ್ಥಾನ. ಆಂಗ್ಲರ ಗ್ರಂಥಗಳಲ್ಲಿ ಶೋರಾಪುರವೆಂದು ಕಾಣುವ ಹೆಸರು ಇದರ ಅಪಭ್ರಂಶವೇ ಹೊರತು ಬೇರೆ ಊರಿನದಲ್ಲ. ಬೆಂಗಳೂರಿನಿಂದ ನೆಲಮಾರ್ಗವಾಗಿ ಅಲ್ಲಿಗೆ ಹೊರಡುವವನು ಪೀಣ್ಯದ ಯಂತ್ರಾಗಾರಗಳ ನಡುವೆ ಹಾದುಹೋಗುವ ಹೆದ್ದಾರಿಯನ್ನು ಹಿಡಿದು, ತುಮಕೂರು ಚಿತ್ರದುರ್ಗ ಹೊಸಪೇಟೆಗಳನ್ನು ದಾಟಿ, ತುಂಗಭದ್ರೆಯನ್ನೂ ಬಳಿಕ ಕೃಷ್ಣೆಯನ್ನೂ ಕಳೆದು ಈ ಸೀಮೆಯನ್ನು ಸೇರಬಹುದು. ಆ ದಾರಿಯ ನಡುವೆ ಚಿತ್ರದುರ್ಗವು ಸಿಕ್ಕುವುದು ಅರ್ಥವಿಲ್ಲದ ಮಾತಲ್ಲ. ಚಿತ್ರದುರ್ಗದ ನಾಯಕರಂತೆ ಸುರಪುರದ ನಾಯಕರೂ ಬೇಡರು. ಬಂಡೆಗಳನ್ನೇ ಕೋಟೆಯಾಗಿ ಮಾಡಿಕೊಳ್ಳುವ ವಿದ್ಯೆಯು ಈ ಎರಡು ಮನೆತನಗಳಿಗೂ ಸಮಾನವಾಗಿತ್ತು.

ಊರಿನ ಸುತ್ತಲೂ ಗುಡ್ಡಗಳಿವೆ. ಊರು ಆ ಗುಡ್ಡಗಳ ಮಡಿಲಿನಲ್ಲಿ ಅಡಗಿದಂತಿರುವುದರಿಂದ, ತೀರ ಹತ್ತಿರಕ್ಕೆ ಬಂದ ಹೊರತು ದಾರಿಗನಿಗೆ ಅದರ ಸುಳಿವು ಸಿಕ್ಕುವುದು ಕಷ್ಟ. ಊರಿನೊಳಗೆ ನಾಯಕರ ಅರಮನೆ, ಅವರ ಆರಾಧ್ಯನಾದ ವೇಣುಗೋಪಾಲಸ್ವಾಮಿಯ ದೇವಾಲಯ. ಮೇಲೆ ಗುಡ್ಡದ ನೆತ್ತಿಯಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆ. ಮೇಲಿನ ಮನೆಯಿಂದ ಕೆಳಗಿನ ಊರೆಲ್ಲವೂ ಕಾಣುವುದು. ಈ ಸ್ಥಿತಿಯೇ ಮುಂದೆ ಹೇಳಲಿರುವ ಕಥೆಗೆ ಒಂದು ಪೀಠಿಕೆಯಂತಿದೆ.

೨. ವಂಶ

ಸುರಪುರದ ಅರಸರು ಗೋಸಲ ವಂಶದವರು. ವಿಜಾಪುರದ ಆದಿಲ್ ಶಾಹೀ ರಾಜ್ಯವು ಮೊಗಲರ ವಶವಾದ ಬಳಿಕ, ೧೬೮೭ನೆಯ ಇಸವಿಯಲ್ಲಿ ಈ ಮನೆತನದ ಪಾಮನಾಯಕನು ಸಗರದ ದುರ್ಗವನ್ನು ಔರಂಗಜೇಬನಿಗೆ ಒಪ್ಪಿಸಬೇಕಾಯಿತು. ಆಮೇಲೆ ಪಿಡ್ಡನಾಯಕನು ಸುರಪುರಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ವಾಗಿನಗೇರೆಯನ್ನು ಬಲಪಡಿಸಿಕೊಂಡು ಮೊಗಲರಿಗೆ ತಲೆನೋವಾದನು. ೧೭೦೫ನೆಯ ಇಸವಿ ಫೆಬ್ರವರಿಯಲ್ಲಿ ವೃದ್ಧನಾದ ಔರಂಗಜೇಬನು ತಾನೇ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದನು. ಧನಾಜಿ ಜಾಧವನೇ ಮೊದಲಾದ ಮರಾಠಾ ದಳಪತಿಗಳು ನಾಯಕನ ಸಹಾಯಕ್ಕೆ ಬಂದರು. ಏಪ್ರಿಲ್ ತಿಂಗಳಿನ ಕೊನೆಯಲ್ಲಿ ಕೋಟೆಯು ಬಿದ್ದಿತಾದರೂ ನಾಯಕನು ಕೈಗೆ ಸಿಕ್ಕಲಿಲ್ಲ. ಚಕ್ರವರ್ತಿಯು ಸ್ವತಃ ನಡೆಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಎರಡು ವರ್ಷಗಳೊಳಗೆ, ೧೭೦೭ರಲ್ಲಿ, ಅವನು ಅಹಮದನಗರದಲ್ಲಿ ತೀರಿಕೊಂಡನು. ಕೋಟೆ ಹೋದರೂ ಕುಲ ಉಳಿಯಿತು. ಸುರಪುರವು ರಾಜಧಾನಿಯಾಯಿತು.

ಈ ಮನೆತನವನ್ನು ಬರಿಯ ಕಾದಾಟಗಾರರೆಂದು ಭಾವಿಸುವುದು ತಪ್ಪು. ಬುಕ್ಕಪಟ್ಟಣದ ತಾತಾಚಾರ್ಯರ ಶ್ರೀವೈಷ್ಣವ ವಿದ್ವತ್ಕುಲಕ್ಕೆ ಸುರಪುರದ ಆಸ್ಥಾನವು ಆಶ್ರಯವಿತ್ತಿತು. ಆ ಆಶ್ರಯದಲ್ಲಿ ಸಂಸ್ಕೃತದ ಶಾಸ್ತ್ರಕಾವ್ಯಗಳೆರಡೂ ಬೆಳೆದವು. ಬೇಡರ ಅರಸು, ಆಚಾರ್ಯರ ಪಾಠಶಾಲೆ ಇವೆರಡೂ ಒಂದೇ ಗುಡ್ಡದ ಮಡಿಲಲ್ಲಿ ಹೊಂದಿಕೊಂಡಿದ್ದುವೆಂಬುದನ್ನು ಸುರಪುರದ ಸಂದರ್ಶಕನು ಮರೆಯಬಾರದು. ಇಂದಿಗೂ ಕೃಷ್ಣಾಷ್ಟಮಿಯ ಕಾಲದಲ್ಲಿ ನಡೆಯುವ ವೇಣುಗೋಪಾಲಸ್ವಾಮಿಯ ಜಾತ್ರೆಯು ಆ ಪರಂಪರೆಯ ಶೇಷವಾಗಿದೆ. ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಗ್ರಂಥರೂಪವಾಗಿ ಬರೆದವರಲ್ಲಿ ಕಪಟರಾಳ ಕೃಷ್ಣರಾಯರು ಮುಖ್ಯರು.

೩. ಬಾಲರಾಜನೂ ಪಾಲಕನೂ

ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರವು ಹೈದರಾಬಾದಿನ ನಿಜಾಮನಿಗೆ ಕಪ್ಪವನ್ನು ತೆರುವ ಸಂಸ್ಥಾನವಾಗಿತ್ತು. ಕಪ್ಪ ನಜರಾಣೆಗಳ ಬಾಕಿಯೂ ಸಾಲವೂ ಬೆಳೆದು, ಅದರ ನೆಪದಿಂದ ಆಂಗ್ಲರ ಕೈ ಸಂಸ್ಥಾನದೊಳಕ್ಕೆ ಬಂದಿತು. ಅರಸನಾದ ಕೃಷ್ಣಪ್ಪನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪನು ಏಳೆಂಟು ವರ್ಷದ ಬಾಲಕ, ತಾಯಿ ಈಶ್ವರಮ್ಮರಾಣಿ. ಈ ಸಂದರ್ಭದಲ್ಲಿ, ೧೮೪೧ನೆಯ ಇಸವಿಯಲ್ಲಿ, ಫಿಲಿಪ್ ಮೆಡೋಸ್ ಟೇಲರನು ಸುರಪುರಕ್ಕೆ ನಿಯುಕ್ತನಾಗಿ ಬಂದನು.

ಟೇಲರನು ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲಿಯೇ ಭಾರತಕ್ಕೆ ಬಂದು ನಿಜಾಮನ ಸೈನ್ಯದಲ್ಲಿ ಸೇರಿದವನು. ಥಗ್ಗರನ್ನು ಕುರಿತು ಅವನು ರಚಿಸಿದ ಕಾದಂಬರಿಯು ೧೮೩೯ರಲ್ಲಿ ಪ್ರಕಟವಾಗಿ ಆಗಲೇ ಅವನಿಗೆ ಕೀರ್ತಿಯನ್ನು ತಂದಿತ್ತು. ಸುರಪುರದಲ್ಲಿ ಅವನು ೧೮೫೩ರವರೆಗೆ, ಸುಮಾರು ಹನ್ನೆರಡು ವರ್ಷ, ಇದ್ದನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಕ್ರಮಪಡಿಸಿದನು; ಬೋನಾಳದ ಕೆರೆಯನ್ನು ಸುಧಾರಿಸಿದನು; ಆ ಪ್ರದೇಶದ ಪ್ರಾಚೀನ ಶಿಲಾಸಮಾಧಿಗಳನ್ನು ಅಗೆಯಿಸಿ ವಿವರಗಳನ್ನು ಪ್ರಕಟಿಸಿದನು. ಗುಡ್ಡದ ಮೇಲಿನ ಬಂಗಲೆಯನ್ನು ಕಟ್ಟಿಸಿದ್ದೂ ಆಗಲೇ. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸುರಪುರದ ಜನರೂ ಅವನ ಹೆಸರನ್ನು ಮನೆಗಿಟ್ಟು ಉಳಿಸಿಕೊಂಡಿರುವುದನ್ನು ನೋಡಿದರೆ ಅವನಲ್ಲಿ ಅವರಿಗೆ ದ್ವೇಷವಿರಲಿಲ್ಲವೆಂದು ತಿಳಿಯಬಹುದು.

೧೮೫೩ರಲ್ಲಿ ರಾಜನು ಪ್ರಾಪ್ತವಯಸ್ಕನಾಗಲು, ಟೇಲರನು ಆಡಳಿತವನ್ನು ಅವನಿಗೆ ಒಪ್ಪಿಸಿ ಬೇರೆ ಪ್ರಾಂತಕ್ಕೆ ಹೊರಟುಹೋದನು.

೪. ೧೮೫೮

ಐದು ವರ್ಷಗಳೊಳಗೆ ಎಲ್ಲವೂ ತಲೆಕೆಳಗಾಯಿತು. ಉತ್ತರದಲ್ಲಿ ದಂಗೆಯೆದ್ದ ಸುದ್ದಿಯು ದಕ್ಷಿಣಕ್ಕೂ ಹರಡಿತು. ೧೮೫೭ನೆಯ ನವೆಂಬರಿನಲ್ಲಿ ಆಯುಧಗಳನ್ನು ಒಪ್ಪಿಸಲೊಲ್ಲದೆ ಹಲಗಲಿಯ ಬೇಡರು ಪ್ರಾಣ ಕೊಟ್ಟರು. ವೆಂಕಟಪ್ಪನಾಯಕನು ಅರಬರನ್ನೂ ರೋಹಿಲರನ್ನೂ ಸೇರಿಸುತ್ತಿರುವನೆಂದೂ, ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರೊಡನೆ ಅವನಿಗೆ ಗುಪ್ತಸಂಪರ್ಕವಿರುವುದೆಂದೂ ಆಂಗ್ಲರಿಗೆ ಶಂಕೆಯುಂಟಾಯಿತು. ಹೈದರಾಬಾದಿನ ರೆಸಿಡೆಂಟನು ಕ್ಯಾಪ್ಟನ್ ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಸುರಪುರಕ್ಕೆ ಕಳುಹಿಸಿದನು. ಲಿಂಗಸುಗೂರಿನಿಂದ ಕ್ಯಾಪ್ಟನ್ ವಿಂಡಮನ ದಳವು ಹೊರಟಿತು. ೧೮೫೮ನೆಯ ಫೆಬ್ರವರಿ ೭ರ ರಾತ್ರಿ ರಾಜನ ಜನರು ಆ ದಂಡಿನ ಮೇಲೆ ಬಿದ್ದರು. ಮರುದಿನ ಕರ್ನಲ್ ಹ್ಯೂಜನ ಮದರಾಸು ಸೈನ್ಯವು ಬಂದು ಸೇರಿತು. ಆ ದಿನದ ಹೋರಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಶ್ವದಳದ ಅಧಿಕಾರಿಯು ಹತನಾದನು. ಆದರೆ ರಾಜನ ಕಡೆಯು ನಿಲ್ಲಲಾರದೆ ಹೋಯಿತು. ಅವನು ಕೆಲವರೇ ಅನುಚರರೊಡನೆ ರಾತ್ರಿಯಲ್ಲಿ ಊರು ಬಿಟ್ಟು ಹೈದರಾಬಾದನ್ನು ಸೇರಿದನು. ಅಲ್ಲಿ ಸಿಕ್ಕಿಬಿದ್ದು, ಮಂತ್ರಿ ಸಾಲಾರ್‌ಜಂಗನ ಮೂಲಕ ರೆಸಿಡೆಂಟನ ವಶವಾದನು.

ವಿಚಾರಣೆಯಾಯಿತು. ಮರಣದಂಡನೆ ವಿಧಿಸಲ್ಪಟ್ಟಿತು. ರೆಸಿಡೆಂಟನು ಅದನ್ನು ಆಜೀವ ದ್ವೀಪಾಂತರವಾಸಕ್ಕೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ ಮದರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಬಂಧನವನ್ನು ವಿಧಿಸಿದನೆಂದೂ, ಸನ್ನಡತೆಯಿಂದ ಇದ್ದಲ್ಲಿ ಸಂಸ್ಥಾನವು ಹಿಂದಿರುಗುವ ಆಸೆಯೂ ಇದ್ದಿತೆಂದೂ ಟೇಲರನು ಬರೆದಿದ್ದಾನೆ. ಆದರೆ ಹೈದರಾಬಾದಿನಿಂದ ಹೊರಟ ಮೊದಲನೆಯ ಬಿಡಾರದಲ್ಲಿಯೇ, ಕಾವಲಿಗೆ ಬಂದಿದ್ದ ಅಧಿಕಾರಿಯ ಕೈಬಂದೂಕಿನ ಗುಂಡಿನಿಂದ ರಾಜನು ಸತ್ತನು. ೧೮೬೦ರ ಒಡಂಬಡಿಕೆಯಂತೆ ಆಂಗ್ಲರು ಸುರಪುರವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಸಂಸ್ಥಾನವು ಅಲ್ಲಿಗೆ ಮುಗಿಯಿತು.

೫. ಸಾಕ್ಷಿವಿಚಾರ

ಮೇಲಣ ವೃತ್ತಾಂತದಲ್ಲಿ ರಾಜನ ಮನಸ್ಸು, ಮಾತು, ಮರಣ ಇವುಗಳಿಗೆ ಸಂಬಂಧಿಸಿದುದೆಲ್ಲವೂ ಮುಖ್ಯವಾಗಿ ಒಂದೇ ಆಧಾರದಿಂದ ಬಂದಿದೆ. ಅದು ಟೇಲರನ ಆತ್ಮಕಥೆ. ೧೮೭೬ರಲ್ಲಿ ಅವನು ತೀರಿಕೊಂಡ ಬಳಿಕ, ೧೮೭೭ರಲ್ಲಿ ಅವನ ಮಗಳಿಂದ ಸಂಪಾದಿತವಾಗಿ ಹೊರಬಂದ ಗ್ರಂಥ. ಆಪ್ತವಾಕ್ಯವೇ ಶಬ್ದಪ್ರಮಾಣವೆಂದು ನೈಯಾಯಿಕರು ಹೇಳುವರು. ಆಪ್ತನೆಂದರೆ ವಿಷಯವನ್ನು ಯಥಾರ್ಥವಾಗಿ ಬಲ್ಲವನು, ಬಲ್ಲುದನ್ನು ಇದ್ದಂತೆಯೇ ಹೇಳಬಯಸುವವನು. ಟೇಲರನು ಸುಳ್ಳು ಹೇಳುವ ಸ್ವಭಾವದವನೆನ್ನಲು ಕಾರಣವಿಲ್ಲ. ಆದರೆ ಎಲ್ಲ ವಿಷಯಗಳಲ್ಲಿಯೂ ಅವನು ಬಲ್ಲವನೆ? ಇದನ್ನು ಪರ್ಯಾಲೋಚಿಸಿದಲ್ಲಿ ಅವನ ಹೇಳಿಕೆಯು ಮೂರು ಭಾಗಗಳಾಗಿ ಒಡೆಯುವುದು.

ಮೊದಲನೆಯದು, ಅವನು ಕಣ್ಣಾರೆ ಕಂಡದ್ದು. ೧೮೪೧ರಿಂದ ೧೮೫೩ರವರೆಗಿನ ರಾಜನ ಬಾಲ್ಯ ಇದಕ್ಕೆ ಸೇರುವುದು. ರಾಜನು ಸೆರೆಯಲ್ಲಿದ್ದಾಗ ಟೇಲರನು ಅವನನ್ನು ಕಂಡು ನಡೆಸಿದ ಸಂಭಾಷಣೆಯೂ ಇದಕ್ಕೇ ಸೇರುವುದು. ಒಳಸಂಚಿನಲ್ಲಿದ್ದ ಇತರರ ಹೆಸರುಗಳನ್ನು ರಾಜನ ಬಾಯಿಂದ ಹೊರಡಿಸಬೇಕೆಂಬುದು ರೆಸಿಡೆಂಟನ ಅಪೇಕ್ಷೆಯಾಗಿತ್ತು. ರಾಜನು ಯಾರ ಹೆಸರನ್ನೂ ಹೇಳಲೊಲ್ಲೆನೆಂದನು. ಪ್ರಾಣಭಿಕ್ಷೆಯನ್ನು ಬೇಡಲೂ ಒಪ್ಪಲಿಲ್ಲ. ಕಳ್ಳನಂತೆ ನೇಣಿಗೆ ಹಾಕದೆ ಫಿರಂಗಿಯ ಬಾಯಿಗೆ ಕಟ್ಟಿದರೆ ಸಾಕೆಂದನು. ಸೆರೆವಾಸವನ್ನು ಕೀಳಾದ ಬೇಡನೂ ಸಹಿಸನು, ಅರಸನಾದ ತಾನು ಹೇಗೆ ಸಹಿಸಲಿ ಎಂಬ ಅಭಿಪ್ರಾಯವನ್ನೂ ಸೂಚಿಸಿದನು. ಇವೆಲ್ಲವೂ ಟೇಲರನೇ ಕೊಡುವ ವಿವರಗಳು. ಇಲ್ಲಿ ಅವನ ಸಾಕ್ಷ್ಯಕ್ಕೆ ಹೆಚ್ಚಿನ ಬಲವುಂಟು. ಏಕೆಂದರೆ ಈ ಮಾತುಗಳು ಅವನ ಒಡೆಯರ ಕಾರ್ಯಕ್ಕೆ ಪ್ರತಿಕೂಲವಾದುವು. ಅವನ ದೌತ್ಯವು ವಿಫಲವಾದುದನ್ನು ಸಾರುವುವು. ತನಗೆ ಅನುಕೂಲವಲ್ಲದುದನ್ನು ತಾನಾಗಿಯೇ ಬರೆದಿಟ್ಟವನ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ವೆಂಕಟಪ್ಪನಾಯಕನ ವೀರತ್ವಕ್ಕೆ ದೃಢತರವಾದ ಪ್ರಮಾಣವು ಹೀಗೆ ಎದುರುಪಕ್ಷದವನ ಲೇಖನಿಯಿಂದಲೇ ದೊರೆತಿದೆ.

ಎರಡನೆಯದು, ಅವನು ಇತರರಿಂದ ಕೇಳಿದ್ದು. ಫೆಬ್ರವರಿಯ ಕದನದ ಕಾಲದಲ್ಲಿ ಟೇಲರನು ಸುರಪುರದಲ್ಲಿರಲಿಲ್ಲ; ಬೀರಾರ ಪ್ರಾಂತದಲ್ಲಿ ಅಧಿಕಾರದಲ್ಲಿದ್ದನು. ರಾಜನ ಮರಣವನ್ನೂ ಅವನು ನೋಡಿದವನಲ್ಲ. ಅಧಿಕಾರಿಯು ಕೈಬಂದೂಕಿನ ಪಟ್ಟಿಯನ್ನು ಕಳಚಿ ಡೇರೆಯಲ್ಲಿಟ್ಟು ಹೊರಕ್ಕೆ ಹೋದನು, ಒಡನೆಯೇ ಗುಂಡಿನ ಸದ್ದು ಕೇಳಿತು, ಒಳಕ್ಕೆ ಬಂದು ನೋಡುವಲ್ಲಿ ರಾಜನು ಬಿದ್ದಿದ್ದನು. ಟೇಲರನು ಕೊಡುವ ಈ ವಿವರಣೆಯು ಅವನಿಗೆ ಬಂದ ವರದಿಯ ಅನುವಾದವಷ್ಟೆ. ಗುಂಡು ಹಾರಿದ ಕ್ಷಣವನ್ನು ಆ ವರದಿಯಂತೆಯೇ ಯಾರೂ ನೋಡಿಲ್ಲ. ರಾಜನನ್ನು ಕೊಂದರೆಂಬ ಪ್ರತೀತಿಯು ಆ ಸೀಮೆಯಲ್ಲಿ ಹುಟ್ಟಿ ಉಳಿದುಬಂದದ್ದು ಈ ಬಿರುಕಿನಿಂದಲೇ. ಈ ಎರಡು ಪಕ್ಷಗಳನ್ನು ತೂಗಿ ನೋಡಿದರೆ: ಕೊಲೆಯ ಪಕ್ಷಕ್ಕೆ ಸಾಕ್ಷಿಯಿಲ್ಲ, ಶಿಕ್ಷೆಯನ್ನು ತಾವಾಗಿಯೇ ಇಳಿಸಿದ ಮೇಲೆ ದಾರಿಯಲ್ಲಿ ಕೊಲ್ಲುವ ಪ್ರಯೋಜನವೇನೆಂಬ ಪ್ರಶ್ನೆಗೂ ಸಮಾಧಾನವಿಲ್ಲ. ಆತ್ಮಹತ್ಯೆಯ ಪಕ್ಷಕ್ಕೆ ರಾಜನು ಸೆರೆವಾಸವನ್ನು ಕುರಿತು ಆಡಿದ ಮಾತು ಅನುಕೂಲವಾಗಿದೆ; ಆದರೆ ಆ ಪಕ್ಷದ ಮುಖ್ಯಸಾಕ್ಷಿಯು ಕಾವಲಿನವರ ವರದಿಯೇ ಆಗಿರುವುದರಿಂದ ಅದು ನಿರ್ಣಾಯಕವಾಗದು. ಆದುದರಿಂದ ಆತ್ಮಹತ್ಯೆಯು ಸಂಭಾವ್ಯವೆಂದು ಹೇಳಬಹುದೇ ಹೊರತು ಸಿದ್ಧವೆಂದು ಹೇಳಬಾರದು. ಪಾಠಪುಸ್ತಕಗಳಲ್ಲಿ ಇವೆರಡರಲ್ಲಿ ಯಾವುದೊಂದನ್ನು ಬರೆಯುವಾಗಲೂ ಈ ಭೇದವನ್ನು ಉಳಿಸಿಕೊಳ್ಳುವುದು ಯುಕ್ತ.

ಮೂರನೆಯದು, ಅವನು ಕಲ್ಪಿಸಿದ ಕಾರಣ. ರಾಜನು ದುರ್ಜನರ ಸಹವಾಸದಿಂದಲೂ ದುರ್ವ್ಯಸನದಿಂದಲೂ ಕೆಟ್ಟನೆಂದೂ, ತಾನು ಬಿಟ್ಟುಹೋಗದಿದ್ದಲ್ಲಿ ಹೀಗಾಗುತ್ತಿರಲಿಲ್ಲವೆಂದೂ ಹೇಳುವ ಧಾಟಿಯು ಆ ಗ್ರಂಥದಲ್ಲಿದೆ. ಇದು ಪಾಲಕನ ದುಃಖ, ಚರಿತ್ರೆಯ ಕಾರಣವಲ್ಲ. ಔರಂಗಜೇಬನಂತಹ ಚಕ್ರವರ್ತಿಯನ್ನು ಕಾಯಿಸಿದ ಕುಲದಲ್ಲಿ ಹುಟ್ಟಿದವನು, ತನ್ನ ಊರಿನೊಳಕ್ಕೆ ಪರಾಧಿಕಾರಿಯು ಬಂದು ಕುಳಿತಾಗ ಆಯುಧವೆತ್ತಿದುದಕ್ಕೆ ದುರ್ಜನಸಹವಾಸವೇ ಕಾರಣವಾಗಬೇಕಾಗಿಲ್ಲ. ನರಗುಂದದ ಭಾಸ್ಕರರಾಯನು ಗ್ರಂಥಸಂಗ್ರಹದಲ್ಲಿ ಆಸಕ್ತನಾದ ಸಂಸ್ಕೃತಪ್ರಿಯನು. ಅವನೂ ದತ್ತಕದ ಹಕ್ಕಿಗಾಗಿ ಎದ್ದು ನಿಂತು ೧೮೫೮ನೆಯ ಜೂನಿನಲ್ಲಿ ಬೆಳಗಾವಿಯಲ್ಲಿ ನೇಣಿಗೇರಿದನು. ಅವನಿಗೆ ಯಾವ ದುರ್ವ್ಯಸನವನ್ನು ಹೇಳೋಣ? ಆ ಕಾಲದಲ್ಲಿ ಸಂಸ್ಥಾನಿಕರಿಗೆಲ್ಲ ಸಾಮಾನ್ಯವಾಗಿದ್ದ ಭಯವೂ ಮಾನಹಾನಿಯೂ ಬೇರೊಂದು ಕಾರಣದ ಅಪೇಕ್ಷೆಯಿಲ್ಲದೆಯೇ ಈ ದಂಗೆಗಳನ್ನು ವಿವರಿಸಬಲ್ಲುವು.

ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಅವನ ಜಾತಕದಲ್ಲಿದ್ದಿತೆಂದೂ, ಅದನ್ನು ಬರೆದ ಬ್ರಾಹ್ಮಣನು ತನಗೆ ಗುಟ್ಟಾಗಿ ತಿಳಿಸಿದ್ದನೆಂದೂ ಟೇಲರನು ಹೇಳುವ ಸಂಗತಿಯು ಬಹುಪ್ರಸಿದ್ಧವಾಗಿದೆ. ಕಥನಕಲೆಯಲ್ಲಿ ನುರಿತವನಾದ್ದರಿಂದ ಅವನು ಇದನ್ನು ಮನೋಹರವಾಗಿ ಹೆಣೆದಿದ್ದಾನೆ. ಓದುವವನು ಮರಣದ ಪ್ರಕರಣಕ್ಕೆ ಬರುವಷ್ಟರಲ್ಲಿ ಅದು ದೈವಕೃತವೆಂದು ಒಪ್ಪಿಯೇ ಬಿಟ್ಟಿರುವನು. ಜ್ಯೋತಿಷವನ್ನು ನಂಬುವವರೂ ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜಾತಕವು ಕಾಲವನ್ನು ಸೂಚಿಸೀತು, ಕರ್ತೃವನ್ನು ಸೂಚಿಸದು. ಬಂದೂಕನ್ನು ಹಿಡಿದ ಕೈ ಯಾರದು ಎಂಬ ಪ್ರಶ್ನೆಗೆ ಗ್ರಹಗಳಿಂದ ಉತ್ತರವನ್ನು ಪಡೆಯುವುದು ಶಾಸ್ತ್ರಸಮ್ಮತವೂ ಅಲ್ಲ.

೬. ಮನೆಗಳು

ಇಷ್ಟನ್ನು ತಿಳಿದುಕೊಂಡು ಸುರಪುರವನ್ನು ನೋಡುವವನಿಗೆ ಎರಡು ಮನೆಗಳ ಸಂಬಂಧವು ಸ್ಪಷ್ಟವಾಗುವುದು. ಗುಡ್ಡದ ಮೇಲಿನ ಬಂಗಲೆಯು ಸರ್ಕಾರದ ಅತಿಥಿಗೃಹವಾಗಿ ಬಳಕೆಯಲ್ಲಿದ್ದು, ಆ ಕಾರಣದಿಂದಲೇ ರಕ್ಷಿತವಾಗಿ ಉಳಿದಿದೆ. ಊರೊಳಗಿನ ಅರಮನೆಯು ಆ ಮನೆತನದವರ ಸ್ವಂತ ನಿವಾಸವಾಗಿಯೇ ಮುಂದುವರಿದಿದೆ. ಅದು ಪ್ರದರ್ಶನಾಲಯವಲ್ಲ, ಒಲೆಯುರಿಯುವ ಮನೆ. ಅಲ್ಲಿಗೆ ಹೋಗುವವರು ಈ ಭೇದವನ್ನರಿತು, ಅನುಮತಿಯನ್ನು ಪಡೆದು ಹೋಗುವುದು ಮರ್ಯಾದೆ. ಪಾಲಕನ ಮನೆ ಮೇಲೆ, ಪಾಲಿತನ ಮನೆ ಕೆಳಗೆ. ಪಾಲಕನ ಹೆಸರು ಕಟ್ಟಡಕ್ಕಿದೆ, ಪಾಲಿತನ ಕಥೆ ಪಾಲಕನ ಪುಸ್ತಕದಲ್ಲಿದೆ. ಚರಿತ್ರೆಯ ಸಾಮಗ್ರಿಯು ಎಷ್ಟು ಏಕಮುಖವಾಗಿ ನಮ್ಮ ಕೈಸೇರಿದೆಯೆಂಬುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ವಿದ್ಯಾರ್ಥಿಗಳಿಗೆ ತೋರಿಸಲು ದೊರೆಯಲಾರದು.

ಈ ಪ್ರಸಂಗದಲ್ಲಿ ಶಬ್ದವೊಂದರ ವಿಚಾರವನ್ನೂ ಹೇಳಬಹುದು. ‘ಮಂಜಿಲ್’ ಎಂಬುದು ಅರಬ್ಬೀ ಶಬ್ದ. ದಾರಿಗನು ಇಳಿದುಕೊಳ್ಳುವ ತಾಣವೆಂಬುದು ಅದರ ಮೂಲಾರ್ಥ, ಮನೆಯೆಂಬುದು ಅನಂತರದ ಅರ್ಥ. ಒಂದು ದಿನದ ಪಯಣದ ಕೊನೆಯ ತಂಗುದಾಣವನ್ನು ಕನ್ನಡಿಗರು ‘ಮಜಲು’ ಎನ್ನುವುದು ಈ ಶಬ್ದದ ತದ್ಭವವೇ. ಟೇಲರನಿಗೆ ಸುರಪುರವು ಹನ್ನೆರಡು ವರ್ಷಗಳ ಒಂದು ಮಂಜಿಲು. ಅವನು ಇಳಿದುಕೊಂಡಿದ್ದು ಎದ್ದು ಹೋದನು. ವೆಂಕಟಪ್ಪನಾಯಕನು ಊರಿಗೆ ಹಿಂದಿರುಗಲಿಲ್ಲ. ಅವನ ಪಯಣವು ಮೊದಲನೆಯ ಮಜಲಿನಲ್ಲಿಯೇ ಮುಗಿಯಿತು.

ಕಡೆಯದಾಗಿ ಸಾಹಿತ್ಯಬೋಧಕರು ಗಮನಿಸಬೇಕಾದ ಕಾರ್ಯವೊಂದಿದೆ. ಹಲಗಲಿಯ ಬೇಡರ ಲಾವಣಿಯನ್ನು ಫ್ಲೀಟನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದುದರಿಂದ, ಆ ಊರಿನವರ ಕಡೆಯ ಮಾತು ಸರ್ಕಾರದ ಕಾಗದಪತ್ರಗಳಿಗೆ ಎದುರಾಗಿ ನಿಲ್ಲುವಂತಾಯಿತು. ಸುರಪುರದ ಸೀಮೆಯಲ್ಲಿ ವೃದ್ಧರ ಬಾಯಲ್ಲಿರುವ ಹಾಡು, ಹೇಳಿಕೆ, ಐತಿಹ್ಯಗಳನ್ನೂ ಮನೆಗಳಲ್ಲಿರುವ ಬಖೈರು, ಕಡತ, ಓಲೆಗಳನ್ನೂ ಹಾಗೆಯೇ ಕ್ರಮವಾಗಿ ಬರೆದಿಟ್ಟುಕೊಳ್ಳಬೇಕು. ಹೇಳಿದವರ ಊರು, ವಯಸ್ಸು, ಕೇಳಿದ ತಿಥಿ ಇವುಗಳನ್ನೂ ಜತೆಯಲ್ಲಿ ನಮೂದಿಸಬೇಕು. ಅವು ಟೇಲರನ ಗ್ರಂಥವನ್ನು ಖಂಡಿಸುವುವೋ ಸಮರ್ಥಿಸುವುವೋ ಎಂಬುದು ಆಮೇಲಣ ವಿಚಾರ. ಒಬ್ಬನೇ ಸಾಕ್ಷಿಯ ಮೇಲೆ ನಿಂತ ವ್ಯವಹಾರಕ್ಕೆ ಎರಡನೆಯ ಸಾಕ್ಷಿಯನ್ನು ಕರೆಯುವುದು ಧರ್ಮಾಧಿಕರಣದಲ್ಲಿ ಹೇಗೆ ಕರ್ತವ್ಯವೋ ಚರಿತ್ರೆಯಲ್ಲಿಯೂ ಹಾಗೆಯೇ ಕರ್ತವ್ಯವಾಗಿದೆ.